ಹತ್ತನೇ ದರ್ಜೆಯ ಸ್ಟಾಪರ್ ಬ್ಯಾಕ್

ನಾನು ಆಡುವುದು ಜರ್ಮನಿಯ ಹತ್ತನೇ ದರ್ಜೆಯ ಫುಟ್ಬಾಲ್. ಇದನ್ನು ಬೆಂಗಳೂರಿನ ಗೆಳೆಯರಿಗೆ ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ "ಹತ್ತು ದರ್ಜೆ ಇದೆಯೇನೋ ಅಲ್ಲಿ?" ಅಂತ ಕೇಳುತ್ತಾರೆ. ಇದೆ. ನಮ್ಮದರ ಕೆಳಗೂ ಇನ್ನೂ ಇದೆ.

ಲೆಕ್ಕ ಹೀಗೆ. ಟಿವಿಯಲ್ಲಿ ನಾವೆಲ್ಲ ನೋಡೋ ಬುಂಡೆಸ್‌ಲೀಗಾ ಮೊದಲನೆಯದು, 18 ತಂಡ. ಎರಡನೇ ಬುಂಡೆಸ್‌ಲೀಗಾದಲ್ಲೂ 18. 2008ರಲ್ಲಿ ಶುರುವಾದ ಮೂರನೇ ಲೀಗಾದಲ್ಲಿ 20. ಅಲ್ಲಿವರೆಗೆ ಇಡೀ ದೇಶಕ್ಕೆ ಒಂದೇ ಪಟ್ಟಿ. ಅಲ್ಲಿಂದ ಕೆಳಗೆ ದೇಶವನ್ನು ಭಾಗ ಮಾಡಿಕೊಂಡು ಹೋಗುತ್ತಾರೆ. ನಾಲ್ಕನೆಯದು ರೆಗಿಯೊನಾಲ್‌ಲೀಗಾ, ಅದರಲ್ಲಿ ಐದು ಗುಂಪು. ಐದನೆಯದು ಒಬರ್‌ಲೀಗಾ. ಆಮೇಲೆ ನಾನಿರುವ ಹೈಡೆಲ್‌ಬೆರ್ಗ್ ಕಡೆ ಫೆರ್‌ಬಾಂಡ್ಸ್‌ಲೀಗಾ, ಲಾಂಡೆಸ್‌ಲೀಗಾ, ಕ್ರೈಸ್‌ಲೀಗಾ, ಕ್ರೈಸ್‌ಕ್ಲಾಸೆ ಎ, ಕ್ರೈಸ್‌ಕ್ಲಾಸೆ ಬಿ. ಈ ಕೊನೆಯ ಹೆಸರೇ ನಮ್ಮದು. ದೇಶದಲ್ಲಿ 24 ಸಾವಿರದಷ್ಟು ಕ್ಲಬ್ ಇವೆ, ಫುಟ್ಬಾಲ್ ಸಂಸ್ಥೆಗೆ 70 ಲಕ್ಷಕ್ಕೂ ಜಾಸ್ತಿ ಸದಸ್ಯರಿದ್ದಾರೆ. ಅವರಲ್ಲಿ ಬಹುಪಾಲು ಜನ ಇರುವುದು ನಮ್ಮಂಥ ಜಾಗದಲ್ಲೇ, ಬಯೆರ್ನ್ ಮ್ಯೂನಿಕ್‌ನಲ್ಲಿ ಅಲ್ಲ.

ನಾನು ಕೆಲಸಕ್ಕೆ ಅಂತ ಬಂದಿದ್ದು ವಾಲ್‌ಡೋರ್ಫ್‌ಗೆ. ಸ್ಯಾಪ್ ಅನ್ನೋ ಸಾಫ್ಟ್‌ವೇರ್ ಕಂಪನಿ ಇರೋ ಊರು, ಹಾಗಾಗಿ ಬೆಂಗಳೂರಿನವರು ಬೇಕಾದಷ್ಟು ಸಿಗುತ್ತಾರೆ. ಶನಿವಾರ ಅವರೆಲ್ಲ ಸೇರಿ ಕ್ರಿಕೆಟ್ ಆಡುತ್ತಾರೆ. ನನಗೆ ಬೇಕಾಗಿದ್ದು ಫುಟ್ಬಾಲ್. ನಾನು ಬೆಳೆದಿದ್ದು ದೂರವಾಣಿನಗರದ ಐಟಿಐ ಕಾಲೊನಿಯಲ್ಲಿ. ಅಪ್ಪ ಅದೇ ಟೆಲಿಫೋನ್ ಕಾರ್ಖಾನೆಯಲ್ಲಿದ್ದರು. 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ (ದೇಶದ ಫುಟ್ಬಾಲ್ ಕ್ಲಬ್‌ಗಳ ಟೂರ್ನಿ) ಗೆದ್ದಿದ್ದು ಐಟಿಐ ತಂಡ, ಫೈನಲ್‌ನಲ್ಲಿ ಸೋಲಿಸಿದ್ದು ಮೋಹನ್ ಬಗಾನ್‌ನ. ನಮ್ಮ ಮನೆಯಲ್ಲಿ ಈ ಕಥೆ ಎಷ್ಟು ಸಲ ಬಂದಿದೆ ಅಂದ್ರೆ, ಅಮ್ಮ ಸಹ ಗೋಲಿನ ವಿವರಣೆ ಕೊಡಬಲ್ಲರು. ಆಮೇಲೆ ನಾನೂ ಜಿಲ್ಲಾ ಸಂಸ್ಥೆಯ ಸಿ ಡಿವಿಷನ್‌ನಲ್ಲಿ ಸ್ಟಾಪರ್ ಬ್ಯಾಕ್ ಆಗಿ, ಅಂದರೆ ನಮ್ಮ ಗೋಲಿನ ಮುಂದೆ ಮಧ್ಯದಲ್ಲಿ ನಿಂತು ಎದುರಾಳಿಯನ್ನು ತಡೆಯೋನಾಗಿ, ಒಂದಷ್ಟು ಆಡಿದೆ. ಕೆಲಸ ಸಿಕ್ಕಿತು, ಆಟ ನಿಂತಿತು. ನಮ್ಮ ಕಡೆ ಎಲ್ಲರದ್ದೂ ಹೀಗೇ ಅಲ್ವಾ, ಇಪ್ಪತ್ತಮೂರು ಇಪ್ಪತ್ತನಾಲ್ಕಕ್ಕೆ ಬೂಟು ಅಟ್ಟ ಸೇರುತ್ತೆ.

ವಾಲ್‌ಡೋರ್ಫ್‌ನಲ್ಲೇ ಒಂದು ಕ್ಲಬ್ ಇದೆ, ಎಫ್‌ಸಿ ಆಸ್ಟೋರಿಯಾ. ಅದು ನಾಲ್ಕನೇ ದರ್ಜೆ. 2016ರಲ್ಲಿ ಜರ್ಮನ್ ಕಪ್‌ನಲ್ಲಿ ಬೋಖುಮ್ ಮತ್ತು ಆಗ ಬುಂಡೆಸ್‌ಲೀಗಾದಲ್ಲಿದ್ದ ಡಾರ್ಮ್‌ಶ್ಟಾಟ್ ಎರಡನ್ನೂ ಮನೆಗೆ ಕಳಿಸಿದ ತಂಡ. ಅಲ್ಲಿಗೆ ನಾನು ಹೋಗಿ ಬಾಗಿಲು ತಟ್ಟುವ ಪ್ರಶ್ನೆಯೇ ಇಲ್ಲ. ಪಕ್ಕದ ಹಳ್ಳಿಯ ಕ್ಲಬ್‌ಗೆ ಇಮೇಲ್ ಹಾಕಿದೆ. ಅದೇ ರಾತ್ರಿ ಉತ್ತರ ಬಂತು: ಮಂಗಳವಾರ ಸಂಜೆ 7ಕ್ಕೆ ಬಾ, ಬೂಟು ತಾ. ವಯಸ್ಸು ಎಷ್ಟು, ಎಲ್ಲಿ ಆಡಿದ್ದೀಯ, ಏನೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅನ್ನೋದು ಹೋದ ಮೇಲೆ ಗೊತ್ತಾಯಿತು. ಅವರಿಗೆ ಡಿಫೆಂಡರ್ ಇರಲಿಲ್ಲ. ಎಲ್ಲ ಊರಿನಲ್ಲೂ ಹುಡುಗರಿಗೆ ಗೋಲ್ ಹೊಡೆಯೋ ಆಸೆ, ಹಿಂದೆ ನಿಲ್ಲೋಕೆ ಜನ ಸಿಗಲ್ಲ.

ಟ್ರೈನಿಂಗ್ ಸುಲಭವಾಗಿತ್ತು. ಕಷ್ಟ ಇದ್ದಿದ್ದು ಆಮೇಲೆ ಸ್ನಾನದ ಕೋಣೆಯಲ್ಲಿ. ಒಂದೇ ಹಾಲ್, ಗೋಡೆಗೆ ಸಾಲಾಗಿ ಶವರ್, ಮಧ್ಯೆ ಒಂದು ಪರದೆಯೂ ಇಲ್ಲ. ಎಲ್ಲರೂ ಹುಟ್ಟಿದ ಹಾಗೆ ನಿಂತು ಆರಾಮಾಗಿ ಮಾತಾಡುತ್ತಾ ಸ್ನಾನ ಮಾಡುತ್ತಿದ್ದಾರೆ. ನಾನು ಚಡ್ಡಿ ಹಾಕಿಕೊಂಡೇ ನಿಂತೆ. ಯಾರೂ ಏನೂ ಹೇಳಲಿಲ್ಲ, ಆದರೆ ಎಲ್ಲರೂ ನೋಡಿದರು. ಚಡ್ಡಿ ಹಾಕಿಕೊಂಡು ಸ್ನಾನ ಮಾಡೋನು ಅಲ್ಲಿ ವಿಚಿತ್ರ ಮನುಷ್ಯ! ಚಳಿಗಾಲ ಬರೋ ಹೊತ್ತಿಗೆ ನನಗೂ ನಾಚಿಕೆ ಹೋಗಿತ್ತು, ಇದನ್ನು ಅಮ್ಮನಿಗೆ ಹೇಳಿಲ್ಲ.

ಎರಡು ವಾರ ನೋಡಿ, ಇರ್ತೀನಿ ಅಂದೆ. ಆಗ ಶುರುವಾಯಿತು ಕಾಗದದ ಕೆಲಸ. ಮೊದಲು ಕ್ಲಬ್‌ನ ಸದಸ್ಯತ್ವ. ಒಂದು ಪುಟದ ಫಾರ್ಮ್, ಬ್ಯಾಂಕ್ ಖಾತೆಯಿಂದ ತಾವೇ ಹಣ ಎಳೆದುಕೊಳ್ಳೋಕೆ ಒಪ್ಪಿಗೆಯ ಸಹಿ. ವರ್ಷಕ್ಕೆ ನೂರರ ಆಸುಪಾಸು ಯೂರೋ. ಅಷ್ಟರಲ್ಲಿ ಮೈದಾನ, ಲೈಟು, ಕೋಚ್, ಜೆರ್ಸಿ, ಇನ್ಶೂರೆನ್ಸ್ ಎಲ್ಲ ಬಂತು. ಬೆಂಗಳೂರಿನಲ್ಲಿ ಟರ್ಫ್ ಬುಕ್ ಮಾಡಿ ಗಂಟೆಗೆ ದುಡ್ಡು ಕೊಡುವವರು ಒಮ್ಮೆ ಲೆಕ್ಕ ಹಾಕಿ ನೋಡಿ.

ಸದಸ್ಯನಾದರೆ ಟ್ರೈನಿಂಗ್ ಮಾಡಬಹುದು. ಮ್ಯಾಚ್ ಆಡಬೇಕಾದರೆ ಆಟಗಾರನ ಪಾಸ್ ಬೇಕು. ಹತ್ತನೇ ದರ್ಜೆಗೂ ಬೇಕು, ಅದರಲ್ಲಿ ವಿನಾಯಿತಿ ಇಲ್ಲ. ಪಾಸ್ ಈಗ ಕಾರ್ಡ್ ಅಲ್ಲ. ಸಂಸ್ಥೆಯ ಕಂಪ್ಯೂಟರ್‌ನಲ್ಲಿ ಫೋಟೊ ಸಮೇತ ಇರುತ್ತೆ, ಮ್ಯಾಚ್ ಮೊದಲು ರೆಫರಿ ಅದನ್ನು ತೆರೆದು ಮುಖ ನೋಡಿಕೊಳ್ಳುತ್ತಾನೆ. ಅರ್ಜಿಯಲ್ಲಿ ಒಂದು ಪ್ರಶ್ನೆ: ಇದಕ್ಕೆ ಮೊದಲು ಬೇರೆ ದೇಶದಲ್ಲಿ ಯಾವುದಾದರೂ ಕ್ಲಬ್‌ಗೆ ನೋಂದಣಿ ಆಗಿದ್ದೀಯಾ? ಆಗಿದ್ದೆ. ಹಾಗಾದರೆ ಫೈಲು ಹಳ್ಳಿಯಿಂದ ಜಿಲ್ಲೆಗೆ, ಅಲ್ಲಿಂದ ರಾಜ್ಯಕ್ಕೆ, ಅಲ್ಲಿಂದ ಫ್ರಾಂಕ್‌ಫರ್ಟ್‌ನ ಜರ್ಮನ್ ಸಂಸ್ಥೆಗೆ ಹೋಗಿ, ಅವರು ಇಂಡಿಯಾದ ಸಂಸ್ಥೆಗೆ ಬರೆದು, ಈ ಮನುಷ್ಯನನ್ನು ಬಿಟ್ಟುಕೊಡುತ್ತೀರಾ ಅಂತ ಕೇಳಬೇಕು. ಮೆಸ್ಸಿ ಬಾರ್ಸಿಲೋನಾ ಬಿಟ್ಟಾಗಲೂ ಇದೇ ಕಾಗದ, ಸಿ ಡಿವಿಷನ್ ಬಿಟ್ಟ ನನಗೂ ಇದೇ ಕಾಗದ. 30 ದಿನದಲ್ಲಿ ಆಕಡೆಯಿಂದ ಉತ್ತರ ಬರದಿದ್ದರೆ ತಾತ್ಕಾಲಿಕ ಅನುಮತಿ ಕೊಡಬಹುದು ಅಂತ ಆಗಿನ ನಿಯಮ. ನನ್ನದಕ್ಕೆ ಉತ್ತರ ಬಂತು.

ಸಿಕ್ಕಿಹಾಕಿಕೊಂಡಿದ್ದು ಹೆಸರಿನಲ್ಲಿ. ಇದು ನಮ್ಮವರಿಗೆಲ್ಲ ಗೊತ್ತಿರೋ ತಲೆನೋವು. ಬೆಂಗಳೂರಿನ ದಾಖಲೆಯಲ್ಲಿ ಇನಿಶಿಯಲ್ ಮತ್ತು ಹೆಸರು. ಪಾಸ್‌ಪೋರ್ಟ್‌ನಲ್ಲಿ ಇನಿಶಿಯಲ್ ಬಿಡಿಸಿ ಅಪ್ಪನ ಹೆಸರು ಕೊನೆಗೆ. ಎರಡೂ ಒಬ್ಬನೇ ಅಂತ ತೋರಿಸೋಕೆ ಹತ್ತನೇ ಕ್ಲಾಸ್ ಮಾರ್ಕ್ಸ್ ಕಾರ್ಡ್‌ವರೆಗೂ ಸ್ಕ್ಯಾನ್ ಮಾಡಿ ಕಳಿಸಿದೆ. ಕ್ಲಬ್‌ನಲ್ಲಿ ಈ ಕೆಲಸ ನೋಡಿಕೊಳ್ಳುವವರು ರಿಟೈರ್ ಆದ ಒಬ್ಬ ಅಂಚೆ ನೌಕರರು, ಸಂಬಳ ಇಲ್ಲದ ಸೇವೆ. ಅವರಿಗೆ ಇನಿಶಿಯಲ್ ಅಂದರೇನು ಅಂತ ವಿವರಿಸಿದಾಗ ಅರ್ಧ ಗಂಟೆ ಆಸಕ್ತಿಯಿಂದ ಕೇಳಿ, ಕೊನೆಗೆ "ಹಾಗಾದರೆ ನಿಮ್ಮ ಮನೆತನದ ಹೆಸರು ಯಾವುದು?" ಅಂದರು. ಇಲ್ಲ ಸಾರ್, ಇಲ್ಲ.

ಕೊನೆಗೆ ಪಾಸ್‌ನಲ್ಲಿ ಅಪ್ಪನ ಹೆಸರು ಮನೆತನದ ಹೆಸರಾಗಿ ಕೂತಿತು. ಇಲ್ಲಿ ಮೈದಾನದಲ್ಲಿ ಕರೆಯೋದು, ಮೈಕ್‌ನಲ್ಲಿ ಹೇಳೋದು, ಪತ್ರಿಕೆಯಲ್ಲಿ ಹಾಕೋದು ಎಲ್ಲ ಆ ಹೆಸರೇ. ಜರ್ಮನ್ ಸಂಸ್ಥೆಗೆ ಒಂದು ವೆಬ್‌ಸೈಟ್ ಇದೆ, ಅತೀ ಕೆಳಗಿನ ದರ್ಜೆಯವರೆಗೂ ಪಾಯಿಂಟ್ಸ್ ಪಟ್ಟಿ, ಆಡಿದವರ ಹೆಸರು, ಗೋಲ್ ಆದ ನಿಮಿಷ ಎಲ್ಲ ಹಾಕುತ್ತಾರೆ. ಅಪ್ಪ ಭಾನುವಾರ ರಾತ್ರಿ ಊಟ ಮುಗಿಸಿ ಅದನ್ನು ತೆರೆದು ನೋಡುತ್ತಾರೆ. ಅವರ ಹೆಸರಿನ ಮುಂದೆ ಹಳದಿ ಕಾರ್ಡ್ ಇದ್ದರೆ ಫೋನ್ ಬರುತ್ತೆ. "ಏನಪ್ಪಾ, ನನ್ನ ಹೆಸರು ಕೆಡಿಸ್ತಿದ್ದೀಯಲ್ಲ?"

ಈಗ ಆಟಕ್ಕೆ ಬರೋಣ.

ಜರ್ಮನಿಯ ಕೆಳದರ್ಜೆ ಅಂದರೆ ಸುಮ್ನೆ ಒದ್ದು ಓಡೋದು ಅಂತ ನಾನು ಅಂದುಕೊಂಡಿದ್ದೆ. ಒದ್ದು ಓಡೋದು ಇದೆ, ಇಲ್ಲ ಅನ್ನಲ್ಲ. ಆದರೆ ಮೊದಲ ಮ್ಯಾಚ್‌ನಲ್ಲಿ ನನಗೆ ಎದುರಾದ ಫಾರ್ವರ್ಡ್‌ಗೆ ನಲವತ್ತು ದಾಟಿತ್ತು. ಹೊಟ್ಟೆ ಜೆರ್ಸಿಯೊಳಗೆ ಕೂತಿರಲಿಲ್ಲ. ವಾರ್ಮ್‌ಅಪ್‌ನಲ್ಲಿ ಓಡಲೂ ಇಲ್ಲ, ಯಾರ ಜೊತೆಗೋ ಹರಟೆ ಹೊಡೆಯುತ್ತಾ ನಿಂತಿದ್ದ. ನಾನು ಒಳಗೊಳಗೇ ಖುಷಿಯಾದೆ. ಮ್ಯಾಚ್ ಶುರುವಾಯಿತು. ಬಾಲ್ ಅವನ ಕಡೆ ಬರೋ ಮೊದಲೇ ಅವನು ಬೆನ್ನನ್ನು ನನ್ನ ಎದೆಗೆ ಒತ್ತಿ ನಿಂತ. ಒಂದು ಕೈ ಹಿಂದೆ ಚಾಚಿ ನನ್ನ ತೊಡೆ ಮುಟ್ಟಿ ನೋಡುತ್ತಿದ್ದ, ನಾನು ಎಡಕ್ಕಿದ್ದೀನಾ ಬಲಕ್ಕಿದ್ದೀನಾ ಅಂತ. ನಾನು ಯಾವ ಕಡೆ ಕಾಲು ಹಾಕಿದೆನೋ ಅದರ ಆಚೆ ಕಡೆಯಿಂದ ತಿರುಗಿದ. ಓಡಲಿಲ್ಲ, ಬರೀ ತಿರುಗಿದ. ಹಾಗೇ ಇನ್ನೊಂದು ಸಲ. ಎರಡನೇ ಸಲ ಗೋಲ್. ಆಮೇಲೆ ಕೇಳಿದರೆ, ಮೊದಲೆಲ್ಲ ಮೂರು ದರ್ಜೆ ಮೇಲೆ ಆಡುತ್ತಿದ್ದನಂತೆ.

ಇದೇ ಇಲ್ಲಿನ ವಿಶೇಷ. ಆಟಗಾರರು ಮೇಲಿನಿಂದ ಕೆಳಗೆ ಬರುತ್ತಾ ಇರುತ್ತಾರೆ. ಬಿಟ್ಟು ಹೋಗಲ್ಲ, ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ. ವಯಸ್ಸಾಯಿತು ಅಂತ, ಮಗು ಹುಟ್ಟಿತು ಅಂತ, ಮಂಡಿ ಹೋಯಿತು ಅಂತ. ಹಾಗಾಗಿ ಹತ್ತನೇ ದರ್ಜೆಯ ಒಂದೇ ತಂಡದಲ್ಲಿ ಒಬ್ಬ ಬಾಲ್ ನಿಲ್ಲಿಸೋಕೆ ಬರದ ಹುಡುಗ, ಅವನ ಪಕ್ಕದಲ್ಲಿ ಒಂದು ಕಾಲಕ್ಕೆ ಸಾವಿರಾರು ಜನರ ಮುಂದೆ ಆಡಿದವನು. ನಮ್ಮ ಕ್ಯಾಪ್ಟನ್ ಅಂಥವನು. ನನ್ನ ಪಕ್ಕದ ಇನ್ನೊಬ್ಬ ಸ್ಟಾಪರ್ ಅವನೇ, ಕೋಚೂ ಅವನೇ.

ಅವನ ಕಥೆ ನಾನು ತುಂಡು ತುಂಡಾಗಿ ಕೇಳಿದ್ದು, ಹೆಚ್ಚಾಗಿ ಹೊರಗಿನ ಮ್ಯಾಚ್‌ಗಳಿಗೆ ಅವನ ವ್ಯಾನ್‌ನಲ್ಲಿ ಹೋಗುವಾಗ. ಹಿಂದೆ ಪೈಪು, ಸ್ಪ್ಯಾನರು, ಬಾಯ್ಲರ್ ಭಾಗಗಳು ಕಟಕಟ ಅನ್ನುತ್ತಿರುತ್ತವೆ, ಅವನ ಉದ್ಯೋಗ ಮನೆಗಳ ಹೀಟಿಂಗ್ ಮತ್ತು ನೀರಿನ ಪೈಪ್ ಕೆಲಸ. ಹನ್ನೆರಡನೇ ವಯಸ್ಸಿಗೆ ಒಂದು ದೊಡ್ಡ ಕ್ಲಬ್ಬಿನ ಅಕಾಡೆಮಿಗೆ ಆಯ್ಕೆಯಾದ. ಜರ್ಮನಿ 2000ದ ಯೂರೋ ಕಪ್‌ನಲ್ಲಿ ಗುಂಪಿನಲ್ಲೇ ಕೊನೆಯಾಗಿ ವಾಪಸ್ ಬಂದಿತ್ತು, ಅದರ ಮರುವರ್ಷದಿಂದ ಬುಂಡೆಸ್‌ಲೀಗಾ ಕ್ಲಬ್‌ಗಳಿಗೆ ಲೈಸೆನ್ಸ್ ಬೇಕಾದರೆ ಇಂಥ ಅಕಾಡೆಮಿ ಇರಲೇಬೇಕು ಅಂತ ಆಯಿತು. ಸ್ಕೂಲ್ ಬಿಟ್ಟ ತಕ್ಷಣ ಕ್ಲಬ್ಬಿನ ಗಾಡಿ ಬಂದು ಕರೆದುಕೊಂಡು ಹೋಗೋದು, ರಾತ್ರಿ ಮನೆಗೆ ಬಿಡೋದು, ಹೋಮ್‌ವರ್ಕ್ ಗಾಡಿಯಲ್ಲೇ. ಹದಿನೇಳಕ್ಕೆ ಒಂದು ಕೋಣೆಗೆ ಕರೆದು, ನಿನ್ನ ಓಟ ಸಾಲದು, ಮುಂದಿನ ವರ್ಷ ನೀನು ಇಲ್ಲ ಅಂದರಂತೆ. "ಕಾಫಿ ತಣ್ಣಗಾಗೋ ಮೊದಲೇ ಮಾತು ಮುಗಿದಿತ್ತು" ಅಂದ. ಅದನ್ನು ನಗುತ್ತಾ ಹೇಳಿದ.

ಆಮೇಲೆ ಒಬರ್‌ಲೀಗಾದ ಒಂದು ಕ್ಲಬ್, ಅಲ್ಲಿಂದ ರೆಗಿಯೊನಾಲ್‌ಲೀಗಾ. ಅಂದರೆ ನಾಲ್ಕನೇ ದರ್ಜೆ, ದೇಶದ ಲಕ್ಷಾಂತರ ಆಟಗಾರರಲ್ಲಿ ಮೇಲಿನ ಕೆಲವು ಸಾವಿರದೊಳಗೆ ಬಂದ ಹಾಗೆ. ಕೈಗೆ ಬರೋದು ಎಷ್ಟು? ಒಪ್ಪಂದದ ಆಟಗಾರ ಅನ್ನಿಸಿಕೊಳ್ಳೋಕೆ ಆಗ ಇದ್ದ ಕನಿಷ್ಠ ಮೊತ್ತ ತಿಂಗಳಿಗೆ 250 ಯೂರೋ. ಕೆಲವರಿಗೆ ಅದರ ಹಲವು ಪಟ್ಟು ಸಿಗುತ್ತೆ, ಕೆಲವರಿಗೆ ಅಷ್ಟೇ. 2015ರಲ್ಲಿ ದೇಶಕ್ಕೆಲ್ಲ ಗಂಟೆಗೆ 8.50 ಯೂರೋ ಕನಿಷ್ಠ ಕೂಲಿ ಬಂದಾಗ, ಈ ಆಟಗಾರರಿಗೂ ಕೊಡಬೇಕಾ ಅಂತ ಕ್ಲಬ್‌ಗಳಿಗೆಲ್ಲ ಗಾಬರಿ. ಆಗ ಕಾರ್ಮಿಕ ಸಚಿವೆಯಾಗಿದ್ದ ಆಂಡ್ರಿಯಾ ನಾಲೆಸ್, ಇವರು ಆಡೋದು ದುಡ್ಡಿಗಲ್ಲ, ಪ್ರೀತಿಗೆ, ಹಾಗಾಗಿ ಈ ಕಾನೂನು ಇವರಿಗೆ ಬರಲ್ಲ ಅನ್ನುವ ಅರ್ಥದ ತೀರ್ಮಾನ ಕೊಟ್ಟರು. ಕ್ಯಾಪ್ಟನ್‌ಗೆ ಇವತ್ತಿಗೂ ಅದರ ಬಗ್ಗೆ ಮಾತೆತ್ತಿದರೆ ಸಿಟ್ಟು. ವಾರಕ್ಕೆ ನಾಲ್ಕೈದು ಟ್ರೈನಿಂಗ್, ವೀಕೆಂಡ್‌ನಲ್ಲಿ ಕಾಸೆಲ್, ಸಾರ್‌ಬ್ರುಕನ್ ಅಂತ ಬಸ್ ಪ್ರಯಾಣ, ಬೆಳಿಗ್ಗೆ 7ಕ್ಕೆ ಯಾರದೋ ಮನೆಯ ನೆಲಮಾಳಿಗೆಯಲ್ಲಿ ಬಾಯ್ಲರ್ ರಿಪೇರಿ. "ಪ್ರೀತಿ ಇತ್ತು, ಆದ್ರೆ ಅದನ್ನ ಸಚಿವರು ಹೇಳೋದಾ?"

ಆ ದರ್ಜೆಯಲ್ಲಿ ಇನ್ನೊಂದು ಕ್ರೂರ ನಿಯಮ ಇತ್ತು. ಐದು ಗುಂಪಿನಿಂದ ಮೂರನೇ ಲೀಗಾಗೆ ಹತ್ತುತ್ತಿದ್ದದ್ದು ಮೂರೇ ತಂಡ. ಲೀಗ್ ಗೆದ್ದರೂ ಸಾಲದು, ಪ್ಲೇ-ಆಫ್ ಬೇರೆ. ನಮ್ಮ ಪಕ್ಕದ ಮನ್‌ಹೈಮ್‌ನ ವಾಲ್ಡ್‌ಹೋಫ್ ತಂಡ 2016, 2017, 2018, ಮೂರು ವರ್ಷ ಸಾಲಾಗಿ ಪ್ಲೇ-ಆಫ್‌ನಲ್ಲಿ ಸೋತು, 2019ರಲ್ಲಿ ಮೇಲೆ ಹೋಯಿತು. ಈಗ ನಾಲ್ಕು ಜಾಗ ಮಾಡಿದ್ದಾರೆ. ಆದರೂ ಐದು ಚಾಂಪಿಯನ್‌ಗಳಿಗೆ ನಾಲ್ಕೇ ಜಾಗ. ಇದ್ಯಾವ ನ್ಯಾಯ ಅಂತ ನನಗೆ ಅರ್ಥ ಆಗಿಲ್ಲ, ಜರ್ಮನ್ನರಿಗೂ ಆಗಿಲ್ಲ, ವರ್ಷಗಳಿಂದ ಜಗಳ ನಡೀತಾನೇ ಇದೆ.

ಅವನ ಮಂಡಿಯ ಎಸಿಎಲ್ ಅನ್ನೋ ಲಿಗಮೆಂಟ್ ಹರಿದಿದ್ದು ಟ್ರೈನಿಂಗ್‌ನಲ್ಲಿ, ಪಕ್ಕದಲ್ಲಿ ಯಾರೂ ಇಲ್ಲದಿದ್ದಾಗ. ಸಂಬಳದ ಆಟಗಾರನಾಗಿದ್ದರಿಂದ ಅದು ಕೆಲಸದ ಅಪಘಾತ ಅಂತಾಯಿತು, ಚಿಕಿತ್ಸೆ ಒಳ್ಳೆಯದೇ ಸಿಕ್ಕಿತು. ವಾಪಸ್ ಬರೋ ಹೊತ್ತಿಗೆ ಅವನ ಜಾಗದಲ್ಲಿ ಹತ್ತೊಂಬತ್ತರ ಹುಡುಗ ನಿಂತಿದ್ದ. ಒಪ್ಪಂದ ಮುಂದುವರಿಯಲಿಲ್ಲ. ಮತ್ತೆ ಒಬರ್‌ಲೀಗಾ, ಆಮೇಲೆ ಫೆರ್‌ಬಾಂಡ್ಸ್‌ಲೀಗಾ, ಮೂವತ್ತೆರಡಕ್ಕೆ ಹುಟ್ಟಿದ ಊರಿನ ಕ್ಲಬ್.

ಕ್ಲಬ್‌ಹೌಸ್‌ನಲ್ಲಿ ಹಿರಿಯರು ಹುಡುಗರಿಗೆ ಯೋನಾಸ್ ಹೆಕ್ಟರ್‌ನ ಉದಾಹರಣೆ ಕೊಡುತ್ತಿರುತ್ತಾರೆ. ಅವನೂ ಡಿಫೆಂಡರೇ. ಇಪ್ಪತ್ತರವರೆಗೆ ಸಾರ್‌ಲಾಂಡ್‌ನ ತನ್ನ ಹಳ್ಳಿ ಕ್ಲಬ್‌ನಲ್ಲೇ ಇದ್ದ, 2010ರಲ್ಲಿ ಕಲೋನ್‌ನ ಎರಡನೇ ತಂಡಕ್ಕೆ ಹೋದ, 2016ರ ಯೂರೋ ಕ್ವಾರ್ಟರ್ ಫೈನಲ್‌ನಲ್ಲಿ ಇಟಲಿ ಮೇಲೆ ಗೆಲುವಿನ ಪೆನಾಲ್ಟಿ ಹೊಡೆದ. ಕಥೆ ನಿಜ. ಕ್ಯಾಪ್ಟನ್‌ಗೆ ಮಾತ್ರ ಅದು ರುಚಿಸಲ್ಲ. ಒಬ್ಬ ಹೆಕ್ಟರ್ ತೋರಿಸಿ ಸಾವಿರ ಹುಡುಗರ ಓದು ಹಾಳು ಮಾಡಬೇಡಿ, ಮೊದಲು ಒಂದು ಕಸುಬು ಕಲಿಸಿ ಅಂತಾನೆ. ಅವನ ಮಾತೇ ಸರಿ ಅಂತ ನನಗೂ ಅನ್ನಿಸುತ್ತೆ. ಅವನ ಕೈಯಲ್ಲಿ ಕಸುಬು ಇದ್ದಿದ್ದರಿಂದ ತಾನೇ ಮಂಡಿ ಹೋದ ವರ್ಷವೂ ಮನೆ ನಡೆದಿದ್ದು.

ನನಗೆ ಅವನು ಕಲಿಸಿದ್ದು ಬೇರೆ ಆಟ. ಬೆಂಗಳೂರಿನಲ್ಲಿ ನಾನು ಸ್ಲೈಡಿಂಗ್ ಟ್ಯಾಕಲ್‌ಗೆ ಹೆಸರುವಾಸಿ. ಬಿದ್ದು ಬಾಲ್ ಕಿತ್ತರೆ ಜನ ಕೂಗುತ್ತಿದ್ದರು. ಇಲ್ಲಿ ನಾನು ಮೊದಲ ಸಲ ಬಿದ್ದಾಗ ಕ್ಯಾಪ್ಟನ್ ಬಂದು ನಿಂತು ಕೇಳಿದ, "ಯಾಕೆ ಮಲಗಿದ್ದೀಯ?" ನೆಲಕ್ಕೆ ಬಿದ್ದ ಡಿಫೆಂಡರ್ ಆಟದಲ್ಲಿಲ್ಲ, ಹತ್ತೇ ಜನ ಆಡಿದ ಹಾಗೆ. ಕಾಲ ಮೇಲೆ ಇರು. ಎದುರಾಳಿಗೆ ಎದೆ ಕೊಟ್ಟು ನೇರ ನಿಲ್ಲಬೇಡ, ಓರೆಯಾಗಿ ನಿಲ್ಲು, ಅವನನ್ನು ಹೊರಗಡೆ ಗೆರೆಯ ಕಡೆಗೆ ತಳ್ಳು. ಆ ದಪ್ಪ ಹೊಟ್ಟೆಯವನಂಥವರು ಬೆನ್ನು ಒತ್ತಿದರೆ ನೀನೂ ಒತ್ತಬೇಡ, ಒಂದು ಕೈ ಅಳತೆ ಹಿಂದೆ ಸರಿ, ಅವನ ಕೈಗೆ ನೀನು ಸಿಗಬಾರದು, ಆಗ ಯಾವ ಕಡೆ ತಿರುಗಬೇಕು ಅಂತ ಅವನಿಗೇ ಗೊತ್ತಾಗಲ್ಲ. ಪ್ರತಿ ಸಲ ಬಾಲ್ ದೂರ ಇದ್ದಾಗ ಭುಜದ ಮೇಲಿಂದ ಹಿಂದೆ ನೋಡು. ಈ ಕೊನೆಯದು ಕೇಳೋಕೆ ಸುಲಭ. ಮಾಡೋಕೆ ಒಂದು ಸೀಸನ್ ಬೇಕಾಯಿತು.

ಜೊತೆಗೆ ಬಾಯಿ. ಡಿಫೆಂಡರ್ ಸುಮ್ಮನಿರಬಾರದು. ನನ್ನ ಜರ್ಮನ್ ಆಗ ಅಂಗಡಿಯಲ್ಲಿ ಹಾಲು ಕೇಳುವಷ್ಟು. ಕ್ಯಾಪ್ಟನ್ ಅದಕ್ಕೂ ದಾರಿ ಮಾಡಿದ: ಐದಾರು ಕೂಗು ಕಲಿ, ಸಾಕು. 'ಹಿಂಟರ್‌ಮಾನ್', ಹಿಂದೆ ಆಳಿದ್ದಾನೆ. 'ರೌಸ್', ಎಲ್ಲ ಮುಂದಕ್ಕೆ ಬನ್ನಿ. ಆಫೀಸಿನಲ್ಲಿ ಮೀಟಿಂಗ್‌ನಲ್ಲಿ ಬಾಯಿ ಬಿಡದ ನಾನು ಭಾನುವಾರ ಹತ್ತು ಜರ್ಮನ್ನರ ಮೇಲೆ ಕಿರುಚುತ್ತಿದ್ದೆ, ಅವರು ಹೇಳಿದ ಹಾಗೆ ಕೇಳುತ್ತಿದ್ದರು. ಅದರ ಮಜವೇ ಬೇರೆ.

'ರೌಸ್' ಕೂಗೋದರಲ್ಲಿ ಒಂದು ಅಪಾಯ ಇದೆ. ನಾವೆಲ್ಲ ಮುಂದಕ್ಕೆ ಹೋದಾಗ, ಪಾಸ್ ಹೊರಡೋ ಹೊತ್ತಿಗೆ ನಮ್ಮ ಹಿಂದೆ ಉಳಿದ ಎದುರಾಳಿ ಆಫ್‌ಸೈಡ್, ರೆಫರಿ ಆಟ ನಿಲ್ಲಿಸಬೇಕು; ನಿಲ್ಲಿಸದಿದ್ದರೆ ಅವನ ಮುಂದೆ ನಮ್ಮ ಗೋಲ್ ಖಾಲಿ. ನಮ್ಮ ದರ್ಜೆಯಲ್ಲಿ ರೆಫರಿ ಒಬ್ಬನೇ, ಲೈನ್ಸ್‌ಮನ್ ಇರಲ್ಲ. ಹಾಗಾಗಿ ಆಫ್‌ಸೈಡ್ ಅನ್ನೋದು ಮೈದಾನದ ಮಧ್ಯದಿಂದ ಒಬ್ಬ ಮನುಷ್ಯ ಮಾಡುವ ಅಂದಾಜು. ಆ ಮನುಷ್ಯ ಕೆಲವೊಮ್ಮೆ ಹದಿನೇಳರ ಹುಡುಗ, ಕೆಲವೊಮ್ಮೆ ಅರವತ್ತೈದರ ತಾತ. ತಾತ ಬಂದ ದಿನ ಕ್ಯಾಪ್ಟನ್ ಕಿವಿಯಲ್ಲಿ ಹೇಳುತ್ತಾನೆ, ಇವತ್ತು ಮೇಲೆ ಹೋಗೋದು ಬೇಡ, ಹಿಂದೆ ಆಳವಾಗಿ ನಿಲ್ಲೋಣ. ರೆಫರಿ ಮೇಲೆ ಸಿಟ್ಟಾಗಿ ಪ್ರಯೋಜನವೂ ಇಲ್ಲ. ಪ್ರತಿ ಕ್ಲಬ್ ಇಷ್ಟು ಜನ ರೆಫರಿ ಕೊಡಬೇಕು ಅಂತ ಲೆಕ್ಕ ಇದೆ, ಕೊಡದಿದ್ದರೆ ದಂಡ. ಅವರೂ ನಮ್ಮಂಥ ಯಾವುದೋ ಊರಿನವರೇ, ಪೆಟ್ರೋಲ್ ಖರ್ಚಿನ ಮೇಲೆ ಸಣ್ಣ ಭತ್ಯೆ ಅಷ್ಟೇ.

ಇನ್ನೊಂದು ವಿಷಯ, ಜನ ಬರದೇ ಇರೋದು. ಮೇ ತಿಂಗಳ ಬಿಸಿಲು ಬಂದರೆ, ಯಾರದಾದರೂ ಮದುವೆ ಇದ್ದರೆ, ಊರಿನ ಕೆರ್ವೆ ಜಾತ್ರೆಯ ಮಾರನೇ ದಿನ ಆದರೆ ಹನ್ನೊಂದು ಜನ ಸೇರೋದೇ ಕಷ್ಟ. ಕೆಳಗಿನ ದರ್ಜೆಗಳಲ್ಲಿ ಕೆಲವು ಕಡೆ ಮೊದಲೇ ತಿಳಿಸಿದರೆ ಎರಡೂ ತಂಡ ಒಂಬತ್ತೊಂಬತ್ತು ಜನ ಆಡಬಹುದು ಅಂತ ನಿಯಮ ಮಾಡಿದ್ದಾರೆ. ಹೊರಗೆ ಬಂದ ಆಟಗಾರ ಮತ್ತೆ ಒಳಗೆ ಹೋಗೋಕೂ ಹಲವು ಕಡೆ ಬಿಡುತ್ತಾರೆ. ಡಿಫೆಂಡರ್ ಆಗಿ ನನ್ನ ಜಾಗ ಭದ್ರವಾಗಿದ್ದು ಪ್ರತಿಭೆಯಿಂದ ಅಲ್ಲ. ಗುರುವಾರ ಸಂಜೆ ಗುಂಪಿಗೆ ಮೆಸೇಜ್ ಬಂದಾಗ "ಬರ್ತೀನಿ" ಅಂತ ಮೊದಲು ಉತ್ತರ ಹಾಕೋನು ನಾನೇ. ಎಡಗಡೆ, ಬಲಗಡೆ, ಒಮ್ಮೆ ಗೋಲ್‌ಕೀಪರ್ ಆಗಿಯೂ ನಿಂತಿದ್ದೀನಿ.

ಆಟ ಅಂದರೆ 90 ನಿಮಿಷ ಮಾತ್ರ ಅಂದುಕೊಂಡವರು ಇಲ್ಲಿ ಉಳಿಯಲ್ಲ. ಜೆರ್ಸಿ ಒಗೆಯೋದು ಸರದಿ. ನನ್ನ ಸರದಿ ಬಂದಾಗ ಇಡೀ ತಂಡದ ಕೆಸರು ಜೆರ್ಸಿ ತುಂಬಿದ ಚೀಲ ಹೊತ್ತು ಮೂರನೇ ಮಹಡಿಗೆ ಹತ್ತಿದೆ. ಭಾನುವಾರ ಸದ್ದು ಮಾಡಬಾರದು ಅಂತ ಕಟ್ಟಡದ ನಿಯಮ, ಹಾಗಾಗಿ ಸೋಮವಾರದವರೆಗೆ ಆ ಚೀಲ ಬಾಲ್ಕನಿಯಲ್ಲಿ ಇತ್ತು. ನವೆಂಬರ್ ಕೆಸರು, ಹುಲ್ಲು, ಬೆವರು ಎಲ್ಲ ಸೇರಿದ ಆ ವಾಸನೆ! ತೊಳೆಯೋ ಮೊದಲು ಒಂದೊಂದನ್ನೂ ಟಬ್‌ನಲ್ಲಿ ನೆನೆಸಿ ಮಣ್ಣು ಬಿಡಿಸಬೇಕು, ಇಲ್ಲದಿದ್ದರೆ ಮಶೀನ್ ಕಟ್ಟಿಕೊಳ್ಳುತ್ತೆ. ಟಬ್‌ನ ನೀರು ಮೂರು ಸಲ ಬದಲಿಸಿದರೂ ಕಾಫಿ ಡಿಕಾಕ್ಷನ್ ಬಣ್ಣವೇ. ಕೊನೆಗೆ ಅಷ್ಟೂ ಜೆರ್ಸಿಗಳನ್ನು ನಂಬರ್ ಪ್ರಕಾರ ಮಡಿಸಿ ಕೊಡಬೇಕು. ಹೆಂಡತಿ ಆ ವಾರ ನನ್ನ ಜೊತೆ ಜಾಸ್ತಿ ಮಾತಾಡಲಿಲ್ಲ.

ದಂಡದ ಪಟ್ಟಿ ಬೇರೆ ಇದೆ, ಡ್ರೆಸ್ಸಿಂಗ್ ರೂಮಿನ ಬಾಗಿಲಿಗೆ ಅಂಟಿಸಿರುತ್ತಾರೆ. ಟ್ರೈನಿಂಗ್‌ಗೆ ತಡ, ದಂಡ. ಒಳಗೆ ಫೋನ್ ರಿಂಗ್ ಆದರೆ ದಂಡ. ಬೂಟಿನ ಮಣ್ಣನ್ನು ಶವರ್‌ನಲ್ಲಿ ತೊಳೆದರೆ ಜಾಸ್ತಿ ದಂಡ, ಹೊರಗೆ ಕಬ್ಬಿಣದ ಬ್ರಷ್ ಇದೆ, ಅಲ್ಲೇ ಉಜ್ಜಬೇಕು. ಮೊದಲ ಗೋಲ್ ಹೊಡೆದರೆ, ಹುಟ್ಟುಹಬ್ಬಕ್ಕೆ, ಕೆಂಪು ಕಾರ್ಡ್‌ಗೆ ಒಂದು ಕ್ರೇಟ್ ಬಿಯರ್ ಕೊಡಿಸಬೇಕು. ನಾನು ಕುಡಿಯಲ್ಲ, ಕ್ರೇಟ್ ಮಾತ್ರ ತಪ್ಪಲಿಲ್ಲ. ಸಾಸೇಜ್ ಅಂಗಡಿಯಲ್ಲಿ ನನಗೆ ತಿನ್ನೋಕೆ ಸಿಗ್ತಿದ್ದದ್ದು ಬ್ರೆಟ್ಸೆಲ್ ಅನ್ನೋ ಬ್ರೆಡ್ ಮತ್ತು ಆಲೂಗಡ್ಡೆ ಸಲಾಡ್. ಎರಡನೇ ವರ್ಷ ಕ್ಲಬ್ ಹಬ್ಬದಲ್ಲಿ ನನಗೆ ಸ್ಟಾಲ್ ಡ್ಯೂಟಿ ಬಂದಾಗ ಮೆಣಸಿನಕಾಯಿ ಬಜ್ಜಿ ಹಾಕಿದೆ. ಅಲ್ಲಿಂದ ಪ್ರತಿ ವರ್ಷ ಅದು ಖಾಯಂ. ಆ ನಿವೃತ್ತ ಅಂಚೆಯವರು ಮೂರು ತಿಂದು ನೀರು ಕುಡಿದು, ಮತ್ತೆ ಸಾಲಿನಲ್ಲಿ ನಿಂತರು.

ಡಿಸೆಂಬರ್‌ನಿಂದ ಮಾರ್ಚ್ ಶುರುವಿನವರೆಗೆ ಮ್ಯಾಚ್ ಇಲ್ಲ. ಆದರೆ ಜನವರಿ ಕೊನೆಗೇ ಟ್ರೈನಿಂಗ್ ಶುರು, ಕೃತಕ ಹುಲ್ಲಿನ ಮೇಲೆ, ಲೈಟಿನ ಕೆಳಗೆ, ಸೊನ್ನೆ ಡಿಗ್ರಿಯಲ್ಲಿ. ತಣ್ಣಗಾದ ಬಾಲ್ ತಲೆಗೆ ತಗುಲಿದರೆ ಹಲ್ಲಿನವರೆಗೂ ಝುಮ್ ಅನ್ನುತ್ತೆ. ಅಂಥ ಒಂದು ಸಂಜೆ ನನ್ನ ಪಾದದ ಗಂಟು ಮಡಚಿಕೊಂಡಿತು. ಸ್ಕ್ಯಾನ್‌ನಲ್ಲಿ ಲಿಗಮೆಂಟ್ ಹರಿದಿದೆ ಅಂತ ಬಂತು. ಆಫೀಸಿಗೆ ಹೇಗೆ ಹೇಳೋದು ಅನ್ನೋದೇ ನನ್ನ ಚಿಂತೆ. ಇಲ್ಲಿ ಆಟದಲ್ಲಿ ಆದ ಗಾಯಕ್ಕೂ ಕಾಯಿಲೆಯ ರಜೆ ಉಂಟು, ಆರು ವಾರದವರೆಗೆ ಕಂಪನಿಯೇ ಪೂರ್ತಿ ಸಂಬಳ ಕೊಡಬೇಕು, ಆಮೇಲೂ ಗುಣವಾಗದಿದ್ದರೆ ಆರೋಗ್ಯ ವಿಮೆಯಿಂದ ಸಂಬಳದ ಬಹುಪಾಲು ಬರುತ್ತೆ. ಬಾಸ್‌ಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ "ಯಾವ ಕ್ಲಬ್?" ಎರಡನೆಯದು "ಯಾವ ಪೊಸಿಷನ್?" ಅವರೂ ಇಪ್ಪತ್ತು ವರ್ಷ ಬಲಗಡೆ ಬ್ಯಾಕ್ ಆಡಿದವರಂತೆ, ಹದಿನೈದು ನಿಮಿಷ ಅವರ ಮಂಡಿಯ ಕಥೆ ಕೇಳಿದೆ. ಅಮ್ಮ ಮಾತ್ರ, "ಲಕ್ಷಾಂತರ ಖರ್ಚು ಮಾಡಿ ಓದಿಸಿದ್ದು ಅಲ್ಲಿ ಹೋಗಿ ಕಾಲು ಮುರ್ಕೊಳೋಕಾ?" ಅಂದರು. ಹಿಂದಿನಿಂದ ಅಪ್ಪನ ದನಿ: "ಯಾವ ಕಾಲು ಕೇಳು, ಎಡಗಾಲಾ ಬಲಗಾಲಾ?"

ಹೋದ ಸೀಸನ್ ನಾವು ಪಟ್ಟಿಯ ಮಧ್ಯದಲ್ಲಿ ಮುಗಿಸಿದೆವು. ಹತ್ತಲೂ ಇಲ್ಲ, ಇಳಿಯಲೂ ಇಲ್ಲ. ಈ ವರ್ಷ ಬದಲಾವಣೆ ಇದೆ. ಎರಡೂ ಊರಿನಲ್ಲಿ ಹುಡುಗರು ಸಾಲದೆ, ಪಕ್ಕದ ಹಳ್ಳಿಯ ಕ್ಲಬ್ ಜೊತೆ ಸೇರಿ ಒಂದೇ ತಂಡ ಇಳಿಸೋದು ಅಂತ ತೀರ್ಮಾನ ಆಗಿದೆ. ಐವತ್ತು ವರ್ಷದಿಂದ ಪರಸ್ಪರ ಬೈದುಕೊಂಡು ಬಂದ ಊರುಗಳು. ಜೆರ್ಸಿ ಯಾವ ಬಣ್ಣ ಅನ್ನೋದಕ್ಕೆ ಮೂರು ಸಭೆ ಆಯಿತು. ಕ್ಯಾಪ್ಟನ್ ಮೊದಲ ತಂಡ ಬಿಟ್ಟು ಹಿರಿಯರ ತಂಡಕ್ಕೆ ಇಳಿಯುತ್ತಾನೆ. ಅಲ್ಲಿ ಮ್ಯಾಚ್ ಶುಕ್ರವಾರ ಸಂಜೆ, ಕಡಿಮೆ ಓಟ, ಜಾಸ್ತಿ ಮಾತು. ಕೋಚ್ ಆಗಿ ಮಾತ್ರ ಮುಂದುವರಿಯುತ್ತಾನಂತೆ. ಅಂದರೆ ಹಿಂದೆ ಸ್ಟಾಪರ್ ಜಾಗದಲ್ಲಿ ನಾನು ಮತ್ತು ಪಕ್ಕದ ಊರಿನ ಒಬ್ಬ ಪೊಲೀಸ್. ಎರಡು ವರ್ಷದ ಹಿಂದೆ ಒಂದು ಮ್ಯಾಚ್‌ನಲ್ಲಿ ಅವನು ನನ್ನ ಪಕ್ಕೆಗೆ ಮೊಣಕೈ ಹಾಕಿದ್ದ, ಅವನಿಗೆ ನೆನಪಿದೆಯೋ ಇಲ್ಲವೋ.

ಎಡಗಡೆ ಬ್ಯಾಕ್ ಇನ್ನೂ ಖಾಲಿ. ವಾಲ್‌ಡೋರ್ಫ್, ವೀಸ್‌ಲೋಖ್, ಹೈಡೆಲ್‌ಬೆರ್ಗ್ ಕಡೆ ಇರೋ ನಮ್ಮವರು ಯಾರಾದರೂ ಎಡಗಾಲಿನವರು ಇದ್ದರೆ ಹೇಳಿ. ಈಗಾಗಲೇ ಇಲ್ಲಿ ಬೇರೆ ಕ್ಲಬ್‌ನಲ್ಲಿದ್ದರೆ ಜೂನ್ 30ರೊಳಗೆ ಅಲ್ಲಿಂದ ಹೆಸರು ತೆಗೆಸಬೇಕು, ಆ ಕ್ಲಬ್ ಒಪ್ಪದಿದ್ದರೆ ನವೆಂಬರ್‌ವರೆಗೆ ಕಾಯಬೇಕಾಗಬಹುದು. ಊರಿನಲ್ಲಿ ನೋಂದಣಿ ಇದ್ದವರು ಅರ್ಜಿ ಬೇಗ ಹಾಕಿ. ಪಾಸ್‌ಪೋರ್ಟ್ ಜೊತೆಗೆ ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿ ಇಟ್ಟುಕೊಂಡಿರಿ. ಟ್ರೈನಿಂಗ್ ಮಂಗಳವಾರ ಮತ್ತು ಗುರುವಾರ, ಸಂಜೆ 7ಕ್ಕೆ.